ತಿರುಗಿದಲ್ಲೇ ನಿಂತ ಸೊಂಟ

ಹಳೆಯ ಹೀ-ಮ್ಯಾನ್ ಗೊಂಬೆ ಕೈಗೆ ಬಂದರೆ ಬಲ್ಲವರು ಮೊದಲು ಅದರ ಸೊಂಟ ತಿರುಗಿಸಿ ನೋಡುತ್ತಾರೆ. ಎಡಗೈಯಲ್ಲಿ ಎರಡೂ ಕಾಲು ಒಟ್ಟಿಗೆ ಹಿಡಿದು, ಬಲಗೈಯ ಎರಡು ಬೆರಳಿನಿಂದ ಎದೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಬಿಟ್ಟುಬಿಡುವುದು. ಒಳಗಿನ ಸ್ಪ್ರಿಂಗ್ ಸರಿಯಾಗಿದ್ದರೆ ಮೈ ಚಟ್ಟನೆ ತನ್ನ ಜಾಗಕ್ಕೆ ಮರಳುತ್ತದೆ, ಕೈಯಲ್ಲಿರುವ ಕೊಡಲಿ ಗಾಳಿಯಲ್ಲಿ ಬೀಸಿ ಬರುತ್ತದೆ. ಸ್ಪ್ರಿಂಗ್ ಹೋಗಿದ್ದರೆ ಎದೆ ತಿರುಗಿದಲ್ಲೇ ನಿಲ್ಲುತ್ತದೆ. ಐದೂವರೆ ಇಂಚಿನ ಈ ವೀರನನ್ನು ಕಪಾಟಿನಲ್ಲಿ ನಿಲ್ಲಿಸಲು ಕೊಳ್ಳುವವರಿಗೆ ಈ ಪರೀಕ್ಷೆ ಅಷ್ಟೇನೂ ಮುಖ್ಯವಲ್ಲ. ಆಟಕ್ಕೆಂದು ಕೊಳ್ಳುವವರಿಗೆ ಇದರ ಮುಂದೆ ಬೇರೆ ಯಾವ ಪರೀಕ್ಷೆಯೂ ಇಲ್ಲ. ಗೊಂಬೆ ನೋಡುವುದಕ್ಕೋ ಆಡುವುದಕ್ಕೋ ಎಂಬ ಪ್ರಶ್ನೆ ಅದರ ಸೊಂಟದಲ್ಲೇ ಕೂತಿದೆ.

ಮೈಸೂರಿನ ಒಂದು ಮನೆಯಲ್ಲಿ ಈ ಸಲ ನವರಾತ್ರಿಗೆ ನಾಲ್ಕು ದಿನ ಮುಂಚೆ ಅಟ್ಟದಿಂದ ಗೊಂಬೆ ಟ್ರಂಕು ಇಳಿಸಿದಾಗ, ಪಟ್ಟದ ಗೊಂಬೆಗಳ ಕೆಳಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಅಂಥದೊಂದು ಹೀ-ಮ್ಯಾನ್ ಸಿಕ್ಕಿತು. ಬಟ್ಟೆ ಬಿಚ್ಚಿದರೆ ಮೈ ಒಂದು ಕಡೆ, ಕಾಲುಗಳು ಬೇರೆ ಕಡೆ. ಎರಡೂ ಕಾಲನ್ನು ಒಳಗಿಂದ ಹಿಡಿದಿದ್ದ ರಬ್ಬರ್ ಒಣಗಿ ಚೂರಾಗಿತ್ತು. ಸೊಂಟದ ಸ್ಪ್ರಿಂಗ್ ಅದಕ್ಕೂ ಎಷ್ಟೋ ಮೊದಲೇ ಕೆಟ್ಟಿತ್ತು, ಅದು ಆ ಮನೆಯವರಿಗೆಲ್ಲ ಗೊತ್ತಿದ್ದ ವಿಷಯ. ಯಾರ ಕೈಯಲ್ಲಿ ಕೆಟ್ಟಿತು ಎಂಬುದು ಮಾತ್ರ ಒಬ್ಬನಿಗೇ ಗೊತ್ತಿತ್ತು. ಕೆಟ್ಟಾಗ ಅವನಿಗೆ ಎಂಟು ವರ್ಷ. ಇದನ್ನು ಬರೆಯುತ್ತಿರುವುದೂ ಅದೇ ಕೈ.

ಹೀ-ಮ್ಯಾನ್ ಹುಟ್ಟಿದ್ದು ಅಮೆರಿಕದ ಮ್ಯಾಟೆಲ್ ಕಂಪನಿಯಲ್ಲಿ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಗೊಂಬೆಗಳನ್ನು ಮಾಡುವ ಅವಕಾಶ ಬಂದಾಗ ಮ್ಯಾಟೆಲ್ ಅದನ್ನು ಬಿಟ್ಟಿತ್ತು. ಕೆನ್ನರ್ ಎಂಬ ಕಂಪನಿ ಹಿಡಿದುಕೊಂಡು, ಮೂರೂಮುಕ್ಕಾಲು ಇಂಚಿನ ಗೊಂಬೆಗಳಿಂದ ಅಂಗಡಿಗಳನ್ನು ತುಂಬಿಸಿತು. ಗಂಡುಮಕ್ಕಳಿಗಾಗಿ ತನ್ನದೇ ಒಂದು ಸರಣಿ ಬೇಕೆಂದು ಮ್ಯಾಟೆಲ್ ತಡಕಾಡುತ್ತಿದ್ದಾಗ, ಅಲ್ಲಿನ ವಿನ್ಯಾಸಕಾರ ರೋಜರ್ ಸ್ವೀಟ್ ಕಂಪನಿಯದೇ ಹಳೆಯ ಬಿಗ್ ಜಿಮ್ ಗೊಂಬೆಗಳನ್ನು ತೆಗೆದುಕೊಂಡು, ಮೈಗೆ ಜೇಡಿ ಮೆತ್ತಿ, ತೋಳು ತೊಡೆ ಎದೆ ಉಬ್ಬಿಸಿ ಮೂರು ಮಾದರಿ ಮಾಡಿದ. ಒಬ್ಬ ಕಾಡುವೀರ, ಒಬ್ಬ ಸೈನಿಕ, ಒಬ್ಬ ಅಂತರಿಕ್ಷದವ. ಕಾಡುವೀರನೇ ಗೆದ್ದ. ಆ ವೀರನಿಗೆ, ಅವನ ವೈರಿ ಸ್ಕೆಲೆಟರ್‌ಗೆ, ಅವರ ಲೋಕಕ್ಕೆ ಚಿತ್ರದಲ್ಲಿ ರೂಪ ಕೊಟ್ಟವನು ಮಾರ್ಕ್ ಟೇಲರ್. ನಿಜವಾದ ಜನಕ ಯಾರು ಎಂಬ ವಾದ ಈ ಇಬ್ಬರ ಸುತ್ತ ಬಹಳ ಕಾಲ ನಡೆಯಿತು. ಗೊಂಬೆಯನ್ನು ಕೈಯಲ್ಲಿ ಹಿಡಿದವರಿಗೆ ಇಬ್ಬರೂ ಸಿಗುತ್ತಾರೆ. ಮೊಣಕಾಲು ಬಗ್ಗಿಸಿ ಯುದ್ಧಕ್ಕೆ ನಿಂತ ಆ ದಪ್ಪ ಮೈ ಒಬ್ಬನದು, ತೊಗಲಿನ ಚಡ್ಡಿ, ಎದೆಪಟ್ಟಿ, ಕೊಡಲಿಯ ಲೋಕ ಇನ್ನೊಬ್ಬನದು.

1982ರಲ್ಲಿ ‘ಮಾಸ್ಟರ್ಸ್ ಆಫ್ ದಿ ಯೂನಿವರ್ಸ್’ ಎಂಬ ಹೆಸರಿನಲ್ಲಿ ಮೊದಲ ಎಂಟು ಗೊಂಬೆಗಳು ಬಂದವು. ಖರ್ಚು ಉಳಿಸುವ ಲೆಕ್ಕ ಈ ಸರಣಿಯ ತುಂಬ ಕಾಣುತ್ತದೆ, ಮತ್ತು ಅದರ ಸೊಗಸಿನ ಒಂದು ಪಾಲು ಹುಟ್ಟಿದ್ದೂ ಆ ಲೆಕ್ಕದಿಂದಲೇ. ಒಂದೇ ಎದೆಯ ಅಚ್ಚು, ಒಂದೇ ತೋಳಿನ ಅಚ್ಚು ಬೇರೆ ಬೇರೆ ಬಣ್ಣದಲ್ಲಿ ಬೇರೆ ಬೇರೆ ಪಾತ್ರವಾದವು. ಹೀ-ಮ್ಯಾನ್ ಏರುವ ಹಸಿರು ಹುಲಿ ಬ್ಯಾಟಲ್ ಕ್ಯಾಟ್ ಮೊದಲು ಬಿಗ್ ಜಿಮ್ ಸರಣಿಗೆ ಮಾಡಿದ್ದ ಹುಲಿ. ಆ ಗೊಂಬೆಗಳು ಹತ್ತಿಂಚಿನವು. ಅವುಗಳ ಅಳತೆಯ ಹುಲಿ ಐದೂವರೆ ಇಂಚಿನವನ ಪಕ್ಕ ನಿಂತಾಗ ಆನೆಯಷ್ಟಾಯಿತು. ಬಣ್ಣ ಬದಲಿಸಿ ಜೀನು ಹಾಕಿದರು, ವಾಹನವಾಯಿತು. ವಾಹನವಿಲ್ಲದ ದೇವರನ್ನು ನೋಡದ ನಾಡಿನ ಮಕ್ಕಳಿಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ.

1983ರಲ್ಲಿ ಫಿಲ್ಮೇಷನ್ ಸಂಸ್ಥೆಯ ಕಾರ್ಟೂನು ಶುರುವಾಯಿತು, ಒಟ್ಟು 130 ಕಂತು. ಎಂಬತ್ತರ ದಶಕದ ಕೊನೆಗೆ ಅದು ದೂರದರ್ಶನದಲ್ಲೂ ಬಂತು. ಮೈಸೂರಿನ ಆ ಓಣಿಯಲ್ಲಿ ಆಗ ಎರಡೇ ಮನೆಯಲ್ಲಿ ಟಿವಿ, ಎರಡೂ ಕಪ್ಪುಬಿಳುಪು. ಹೀ-ಮ್ಯಾನ್ ಕೂದಲು ಹೊಂಬಣ್ಣದ್ದು, ಸ್ಕೆಲೆಟರ್ ಮೈ ನೀಲಿ ಎಂಬುದು ಅಲ್ಲಿ ಕೂತು ನೋಡುತ್ತಿದ್ದ ಮಕ್ಕಳಿಗೆ ಗೊತ್ತಿರಲಿಲ್ಲ. ಹೀ-ಮ್ಯಾನ್ ಕೂದಲನ್ನು ಅವರು ನರೆಗೂದಲೆಂದೇ ತಿಳಿದಿದ್ದರು.

ಬಣ್ಣ ಗೊತ್ತಾದದ್ದು ಗೊಂಬೆ ಬಂದ ಮೇಲೆ. ಆ ಹೊತ್ತಿಗೆ ಬೊಂಬಾಯಿಯ ಬ್ಲೋ ಪ್ಲಾಸ್ಟ್ ಕಂಪನಿ ಮ್ಯಾಟೆಲ್ ಜೊತೆ ಸೇರಿ, ಲಿಯೋ ಮ್ಯಾಟೆಲ್ ಎಂಬ ಹೆಸರಿನಲ್ಲಿ ಈ ಗೊಂಬೆಗಳನ್ನು ಭಾರತದಲ್ಲೇ ಮಾಡಲು ತೊಡಗಿತ್ತು. ಅಮೆರಿಕದಲ್ಲಿ 1987ರ ಸುಮಾರಿಗೆ ಹೀ-ಮ್ಯಾನ್ ವ್ಯಾಪಾರ ಬಿದ್ದುಹೋಯಿತು, ಅದೇ ವರ್ಷ ಬಂದ ಸಿನಿಮಾ ಕೂಡ ಅದನ್ನು ಎತ್ತಲಿಲ್ಲ. ಅಲ್ಲಿ ಮುಗಿದ ಗೊಂಬೆ ಇಲ್ಲಿ ಆಗಷ್ಟೇ ಹೊಸದು. ಭಾರತದ ಗೊಂಬೆಗಳಲ್ಲಿ ಮೈಬಣ್ಣದ ಛಾಯೆ, ಬಣ್ಣ ಬಳಿದ ರೀತಿ ಅಲ್ಲಲ್ಲಿ ಬೇರೆ. ಅಂದು ಯಾರೂ ಗಮನಿಸದ ಆ ಚಿಕ್ಕ ವ್ಯತ್ಯಾಸಗಳನ್ನು ಇಂದು ಹೊರದೇಶದ ಸಂಗ್ರಾಹಕರು ಭೂತಗನ್ನಡಿ ಹಿಡಿದು ಹುಡುಕುತ್ತಾರೆ.

ಬ್ಯಾಂಕಿನಲ್ಲಿದ್ದ ದೊಡ್ಡಪ್ಪ ಬೊಂಬಾಯಿಗೆ ಹೋಗಿದ್ದಾಗ ಮಗನಿಗೆಂದು ಒಂದು ಹೀ-ಮ್ಯಾನ್ ತಂದರು. ಆ ಮಗ, ಅಂದರೆ ಆ ಎಂಟು ವರ್ಷದ ಹುಡುಗನ ಪಾಲಿಗೆ ಅಣ್ಣ, ಮೂರು ವರ್ಷ ದೊಡ್ಡವನು. ಎರಡು ಬೀದಿ ಆಚೆ ಮನೆ. ಅವನು ಗೊಂಬೆಯನ್ನು ಯಾರಿಗೂ ಕೊಡದವನೇನಲ್ಲ. “ಒಂದ್ಸಲ ತಿರುಗಿಸಿ ಕೊಟ್ಬಿಡು” ಎಂದು ಕೈಗೆ ಕೊಡುತ್ತಿದ್ದ. ಕಷ್ಟವಿದ್ದದ್ದು ಆ ‘ಒಂದ್ಸಲ’ ಎಂಬ ಮಾತಿನಲ್ಲೇ. ಗೊಂಬೆ ಅಂಗೈಗೆ ಬಂದು, ಅದರ ಭಾರ ಗೊತ್ತಾಗುವ ಹೊತ್ತಿಗೆ ಹಿಂದಕ್ಕೆ ಹೋಗಿರುತ್ತಿತ್ತು.

ಭಾರ ಎರಡನೆಯ ಪರೀಕ್ಷೆ. ಅಸಲಿ ಹೀ-ಮ್ಯಾನ್ ಎದೆ ಗಟ್ಟಿ ಪ್ಲಾಸ್ಟಿಕ್ಕಿನದು. ತಲೆ ಟೊಳ್ಳು, ಮೆತ್ತಗಿನದು, ಒತ್ತಿದರೆ ಒಳಗೆ ಹೋಗುತ್ತದೆ. ಕಾಲುಗಳು ರಬ್ಬರಿನಂಥ ಪಿವಿಸಿ, ಒಳಗೆ ತುಂಬಿಕೊಂಡಿರುತ್ತವೆ. ಹೀಗಾಗಿ ಭಾರವೆಲ್ಲ ಕೆಳಗೆ ಇಳಿಯುತ್ತದೆ. ಪಾದ ಅಗಲ, ಮೊಣಕಾಲು ಬಗ್ಗಿದೆ, ಆದ್ದರಿಂದ ಸಿಮೆಂಟು ನೆಲದ ಮೇಲೂ ಚಾಪೆಯ ಮೇಲೂ ಆಧಾರವಿಲ್ಲದೆ ನಿಲ್ಲುತ್ತದೆ. ಇಂದಿನ ಎಷ್ಟೋ ದುಬಾರಿ ಗೊಂಬೆಗಳಿಗೆ ಪಾದದ ಕೆಳಗೆ ಗೂಟ ಸಿಕ್ಕಿಸುವ ಪೀಠ ಬೇಕು. ಪೀಠವಿಲ್ಲದೆ ನಿಲ್ಲಲಾರದ ವೀರನನ್ನು ಮಗು ಆಟಕ್ಕೆ ತೆಗೆದುಕೊಳ್ಳುವುದು ಕಷ್ಟ. ಒಂದು ಕೈ ಯಾವಾಗಲೂ ಅವನನ್ನು ಹಿಡಿಯುವುದಕ್ಕೇ ಬೇಕು, ಇನ್ನು ವೈರಿಯನ್ನು ಹಿಡಿಯುವುದು ಯಾವ ಕೈಯಲ್ಲಿ?

ಹುಡುಗನಿಗೂ ಒಂದು ಹೀ-ಮ್ಯಾನ್ ಬಂತು. ಅಪ್ಪ ದಸರಾ ವಸ್ತುಪ್ರದರ್ಶನದ ಮಳಿಗೆಯೊಂದರಲ್ಲಿ ಕೊಡಿಸಿದ್ದು. ದೂರದಿಂದ ನೋಡಿದರೆ ಅದೇ. ಹತ್ತಿರದಿಂದ ನೋಡಿದರೆ ಮೈಯೆಲ್ಲ ಟೊಳ್ಳು, ಬೆನ್ನಿನ ನಡುವೆ ಉದ್ದಕ್ಕೆ ಅಚ್ಚಿನ ಗೆರೆ ಎದ್ದುನಿಂತಿದೆ, ಒಂದು ಕಣ್ಣಿನ ಕಪ್ಪು ಕೆನ್ನೆಯವರೆಗೆ ಇಳಿದಿದೆ. ಸೊಂಟ ತಿರುಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಹುಡುಗ ಮಳಿಗೆಯ ಮುಂದೆಯೇ ತಿರುಗಿಸಿ ನೋಡಿ, “ಇದು ನಿಜವಾದ್ದಲ್ಲ” ಎಂದ. ಅಪ್ಪ ಗೊಂಬೆಯನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ನೋಡಿ, “ಅದೇ ಬಣ್ಣ ಇದೆಯಲ್ಲೋ” ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ, ಗೊತ್ತಿಲ್ಲದ ವಿಷಯವೊಂದನ್ನು ಮಗ ಬಲ್ಲ ಎಂಬ ಅಚ್ಚರಿ ಇತ್ತು. ಅವರ ಸಂಬಳ ಎಷ್ಟೆಂದು ಹುಡುಗನಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮನೆಗೆ ಬರುವವರೆಗೂ ಅವನು ಗೊಂಬೆಯ ಚೀಲವನ್ನು ತಾನು ಹಿಡಿಯಲಿಲ್ಲ, ಅಪ್ಪನೇ ಹಿಡಿದುಕೊಂಡು ಬಂದರು.

ಆ ನಕಲಿ ಗೊಂಬೆಗೆ ಸಲ್ಲಬೇಕಾದ ನ್ಯಾಯವೊಂದು ಇಲ್ಲಿ ಬಾಕಿ ಇದೆ. ಅಸಲಿ ಹೀ-ಮ್ಯಾನ್ ಕಾಲುಗಳನ್ನು ಹಿಡಿದಿರುವುದು ರಬ್ಬರ್. ಎರಡೂ ತೊಡೆಯ ಒಳಗಿನ ಕೊಕ್ಕೆಗಳ ನಡುವೆ ಸೊಂಟದೊಳಗಿಂದ ಹಾಯುವ ಒಂದು ತುಂಡು. ಹೊಸತರಲ್ಲಿ ಆ ಕಾಲು ಹೇಗೆ ತಿರುಗಿಸಿದರೂ ಬಿಗಿಯಾಗಿ ಜಾಗಕ್ಕೆ ಕೂರುತ್ತದೆ. ರಬ್ಬರಿಗೆ ವಯಸ್ಸಾಗುತ್ತದೆ: ಮೊದಲು ಸಡಿಲ, ಆಮೇಲೆ ಬಿರುಕು, ಕೊನೆಗೆ ಪುಡಿ. ನಕಲಿ ಮಾಡಿದವರು ರಬ್ಬರಿಗೆ ಖರ್ಚು ಮಾಡಲಿಲ್ಲ. ಪ್ಲಾಸ್ಟಿಕ್ಕಿನ ಗುಂಡಿಯನ್ನು ಪ್ಲಾಸ್ಟಿಕ್ಕಿನ ತೂತಿಗೆ ಒತ್ತಿ ಕೂರಿಸಿದರು, ಅಷ್ಟೆ. ಮೂವತ್ತೈದು ವರ್ಷದ ಮೇಲೆ, ಅದೇ ಟ್ರಂಕಿನ ಇನ್ನೊಂದು ಮೂಲೆಯಲ್ಲಿ ಸಿಕ್ಕ ಆ ನಕಲಿಯ ಕಾಲುಗಳು ಕೂಡಿಸಿದ ದಿನ ಹೇಗಿದ್ದವೋ ಹಾಗೇ ಇವೆ. ಕೀಲು ಎಷ್ಟು ಚೆನ್ನಾಗಿದೆ ಎಂದು ತೂಗುವವರು ಎಷ್ಟು ದಿನ ಚೆನ್ನಾಗಿರುತ್ತದೆ ಎಂದೂ ತೂಗಬೇಕು. ಎಂಟು ವರ್ಷದವನಿಗೆ ಅದು ತೋಚುವ ಹಾಗಿರಲಿಲ್ಲ, ಆದರೆ ಅಪ್ಪ ಕೊಂಡ ಗೊಂಬೆಯನ್ನು ಅವನು ಸುಳ್ಳು ಎಂದು ಕರೆದದ್ದು ಪೂರ್ತಿ ಸರಿಯಾಗಿರಲಿಲ್ಲ.

ಮುಖ ಮತ್ತು ಬಣ್ಣದ ವಿಷಯ ಬೇರೆ. ಅಲ್ಲಿ ನಕಲಿಗೆ ಉತ್ತರವಿಲ್ಲ. ಪ್ರದರ್ಶನಕ್ಕೆ ಇಡುವ ಗೊಂಬೆಯನ್ನು ಕಣ್ಣಿನಿಂದಲೇ ಅಳೆಯುತ್ತಾರೆ. ಎರಡು ಕಣ್ಣು ಒಂದೇ ಮಟ್ಟದಲ್ಲಿವೆಯೇ, ಹುಬ್ಬಿನ ಗೆರೆ ಮುರಿದಿದೆಯೇ, ಕೂದಲಿನ ಹಳದಿ ಹಣೆಗೆ ತಾಗಿದೆಯೇ. ಆಮೇಲೆ ಸವೆತ. ಮೂಗಿನ ತುದಿ, ನಡುಪಟ್ಟಿ, ಬೂಟಿನ ತುದಿ ಮೊದಲು ಸವೆಯುವ ಜಾಗಗಳು. ಅಣ್ಣನ ಗೊಂಬೆಯ ಎಡ ಬೂಟಿನ ತುದಿಯಲ್ಲಿ ಕಂದು ಬಣ್ಣ ಹೋಗಿ ಕೆಳಗಿನ ಮೈಬಣ್ಣ ಕಾಣುತ್ತದೆ. ಸಂಗ್ರಾಹಕರ ಲೆಕ್ಕದಲ್ಲಿ ಅದು ಬೆಲೆ ಇಳಿಸುವ ದೋಷ. ಅಣ್ಣ ಗೊಂಬೆಯನ್ನು ಯಾವಾಗಲೂ ಎಡಗಾಲು ಮುಂದಿಟ್ಟು ಮೆಟ್ಟಿಲು ಹತ್ತಿಸುತ್ತಿದ್ದ. ಗಾರೆ ಮೆಟ್ಟಿಲು, ಹದಿನಾಲ್ಕು. ಬಣ್ಣ ಅಲ್ಲಿ ಹೋದದ್ದು.

ಹಳೆಯ ಗೊಂಬೆಯ ಮೈ ಕೆಲವೊಮ್ಮೆ ಅಂಟಂಟಾಗಿರುತ್ತದೆ. ಕೊಳೆಯೆಂದು ಸೋಪು ಹಾಕಿ ತಿಕ್ಕುವವರಿದ್ದಾರೆ. ಪಿವಿಸಿ ತಾನಾಗಿ ಗಡಸು, ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ವರ್ಷಗಳು ಹೋದಂತೆ ಅದು ಮೇಲಕ್ಕೆ ಜಿನುಗುತ್ತದೆ. ಜಿನುಗಿದ್ದು ಪಕ್ಕದ ಪ್ಲಾಸ್ಟಿಕ್ಕನ್ನು ಕರಗಿಸಲೂಬಹುದು, ಬಣ್ಣವನ್ನು ಎಳೆದುಕೊಳ್ಳಲೂಬಹುದು. ಎದೆಪಟ್ಟಿಯನ್ನು ಬಿಚ್ಚದೆ ಹತ್ತಾರು ವರ್ಷ ಇಟ್ಟ ಗೊಂಬೆಯ ಎದೆಯಲ್ಲಿ ಪಟ್ಟಿಯ ಗುರುತು ಉಳಿದುಬಿಡುವುದು ಹೀಗೆ. ಬಿಸಿಲು ಇದಕ್ಕೆಲ್ಲ ಚಾಲನೆ ಕೊಡುತ್ತದೆ, ಮೈ ಹಳದಿಯಾಗುತ್ತದೆ. ಆದ್ದರಿಂದ ಕಿಟಕಿಯ ಎದುರಿನ ಕಪಾಟು ಗೊಂಬೆಗೆ ಒಳ್ಳೆಯ ಜಾಗವಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದಲ್ಲಿಡುವುದೂ ಸಲ್ಲದು. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಟ್ಟಿ ಆಯುಧ ಬೇರೆ ತೆಗೆದು, ಕತ್ತಲಲ್ಲಿಡಬೇಕು. ಮರದ ಗೊಂಬೆಗಳಿಗೆ ಮೈಸೂರಿನ ಹೆಂಗಸರು ಮಾಡುತ್ತ ಬಂದದ್ದು ಇದನ್ನೇ. ಈ ಹೀ-ಮ್ಯಾನ್ ಮೈ ಮೂವತ್ತು ವರ್ಷವಾದರೂ ಅಂಟಾಗದೆ ಉಳಿದದ್ದಕ್ಕೆ ಅಮ್ಮನ ಸೀರೆಯ ತುಂಡು ಕಾರಣ. ಅದು ಪ್ಲಾಸ್ಟಿಕ್ಕಿನ ಸ್ವಭಾವ ಬಲ್ಲವರ ಕೆಲಸವಲ್ಲ, ಗೊಂಬೆಯನ್ನು ಹೇಗೆ ಮಲಗಿಸಬೇಕೆಂದು ಬಲ್ಲವರ ಕೆಲಸ.

ಆಯುಧಗಳನ್ನು ಎಣಿಸುವುದು ಮುಂದಿನ ಹಂತ. ಹೀ-ಮ್ಯಾನ್ ಜೊತೆ ಎದೆಪಟ್ಟಿ, ಗುರಾಣಿ, ಕೊಡಲಿ ಮತ್ತು ಕತ್ತಿ ಬರುತ್ತಿದ್ದವು. ಇವೆಲ್ಲ ಉಳಿದಿರುವ ಗೊಂಬೆಗೂ ಬರಿಗೈಯ ಗೊಂಬೆಗೂ ಬೆಲೆಯಲ್ಲಿ ಅಜಗಜಾಂತರ. ಕತ್ತಿಯ ಒಂದು ಬದಿ ಮಾತ್ರ ಕೆತ್ತನೆ, ಇನ್ನೊಂದು ಬದಿ ಚಪ್ಪಟೆ. ಅಣ್ಣ ತಮ್ಮ ಇಬ್ಬರೂ ಅದನ್ನು ಅರ್ಧ ಮಾಡಿ ಬಿಟ್ಟ ಕತ್ತಿ ಎಂದೇ ತಿಳಿದಿದ್ದರು. ನಿಜಕ್ಕೂ ಅದು ಅರ್ಧವೇ. ಸ್ಕೆಲೆಟರ್ ಬಳಿ ಇನ್ನರ್ಧ ಇರುತ್ತದೆ, ಚಪ್ಪಟೆ ಬದಿಗಳನ್ನು ಒತ್ತಿ ಕೂಡಿಸಿದರೆ ಒಂದು ಪೂರ್ತಿ ಕತ್ತಿ. ಗೊಂಬೆಯ ಜೊತೆ ಬರುತ್ತಿದ್ದ ಪುಟ್ಟ ಚಿತ್ರಪುಸ್ತಕಗಳ ಆರಂಭದ ಕಥೆಯಲ್ಲಿ ಆ ಕೂಡಿದ ಕತ್ತಿಯೇ ಗ್ರೇಸ್ಕಲ್ ಕೋಟೆಯ ಬೀಗದಕೈ. ವೀರನ ಆಯುಧ ಪೂರ್ತಿಯಾಗಲು ವೈರಿಯ ಕೈಯದೂ ಬೇಕು ಎಂಬ ಈ ಏರ್ಪಾಟು ಇಡೀ ಸರಣಿಯ ಅತ್ಯಂತ ಜಾಣ ಕಲ್ಪನೆ. ಇನ್ನೊಂದು ಗೊಂಬೆ ಕೊಳ್ಳಲಿ ಎಂಬ ವ್ಯಾಪಾರವೂ ಅದರೊಳಗೆ ಇದೆ, ಆದರೂ ಜಾಣತನ ಜಾಣತನವೇ. ಟ್ರಂಕಿನಲ್ಲಿ ಸಿಕ್ಕ ಗೊಂಬೆಯ ಜೊತೆ ಎದೆಪಟ್ಟಿ, ಗುರಾಣಿ, ಅರ್ಧ ಕತ್ತಿ ಇದ್ದವು. ಕೊಡಲಿ ಇರಲಿಲ್ಲ.

ಗೊಂಬೆ ಆ ಮನೆಗೆ ಬಂದ ಬಗೆಯನ್ನು ಹೇಳಲು ಸೊಂಟಕ್ಕೆ ಮರಳಬೇಕು. ನವರಾತ್ರಿಯ ಒಂದು ಮಧ್ಯಾಹ್ನ. ದೊಡ್ಡಮ್ಮನ ಮನೆಯಲ್ಲಿ ಊಟ ಮುಗಿದು, ದೊಡ್ಡವರು ನಡುಮನೆಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದರು. ಅಣ್ಣ ಅಂಗಳದಲ್ಲಿ ಯಾರೊಂದಿಗೋ ಗೋಲಿ ಆಡುತ್ತಿದ್ದ. ಸಾಮಾನು ಕೋಣೆಯ ಗೂಡಿನಲ್ಲಿ ಗೊಂಬೆ ಒಂಟಿಯಾಗಿ ನಿಂತಿತ್ತು. ಹುಡುಗ ತೆಗೆದುಕೊಂಡ, ತಿರುಗಿಸಿ ಬಿಟ್ಟ, ಚಟ್ಟೆಂದು ಬಂತು. ಮತ್ತೆ ತಿರುಗಿಸಿದ. ಒಂದು ಹಂತದವರೆಗೆ ಹೋಗಿ ಎದೆ ನಿಂತಿತು, ಅಲ್ಲಿಂದ ಮುಂದೆ ಹೋಗಲೊಲ್ಲದು. ಬೆರಳಿಗೆ ಆ ತಡೆ ಸ್ಪಷ್ಟವಾಗಿ ತಾಗುತ್ತಿತ್ತು. ತಡೆಯನ್ನು ಮೀರಿ ಒತ್ತಿದ. ಒಳಗೆ ಅಡಿಕೆ ಕಡಿದಂಥ ಸಣ್ಣ ಸದ್ದಾಯಿತು. ಎದೆ ತಡೆಯಿಲ್ಲದೆ ತಿರುಗಿತು, ಬಿಟ್ಟಾಗ ಬೆನ್ನಿನ ಕಡೆ ಮುಖ ಮಾಡಿ ನಿಂತಿತು. ಕೈಯಿಂದ ಸರಿಯಾಗಿ ತಿರುಗಿಸಿ, ಗೂಡಿನಲ್ಲಿ ಮೊದಲಿದ್ದ ಹಾಗೇ ಇಟ್ಟು ಹೊರಗೆ ಬಂದ.

ಕೈತಪ್ಪಿ ಆದದ್ದು ಎಂದು ಅವನು ಬಹಳ ವರ್ಷ ತನಗೆ ತಾನೇ ಹೇಳಿಕೊಂಡಿದ್ದ. ಅದು ನಿಜವಲ್ಲ. ತಡೆ ಎಲ್ಲಿದೆಯೆಂದು ಬೆರಳಿಗೆ ಗೊತ್ತಿತ್ತು. ಅಪ್ಪನ ಗೊಂಬೆ ಹೇಗೆ ತಿರುಗುತ್ತದೋ ಹಾಗೇ ಇದೂ ತಿರುಗಲಿ ಎಂಬ ಆಸೆ ಆ ಒತ್ತಿನಲ್ಲಿತ್ತು. ಸಂಜೆ ಅಣ್ಣ ಗೊಂಬೆ ತೆಗೆದು ತಿರುಗಿಸಿದ. ಮತ್ತೆ ಮತ್ತೆ ತಿರುಗಿಸಿದ. ದೊಡ್ಡಮ್ಮ ಬಂದು, ಇಷ್ಟು ದುಡ್ಡಿನ ಸಾಮಾನನ್ನು ಇಟ್ಟುಕೊಳ್ಳಲು ಬರುವುದಿಲ್ಲವೇ ಎಂದು ಅಣ್ಣನ ಬೆನ್ನಿಗೆ ಎರಡು ಬಿಟ್ಟರು. ಗೊಂಬೆ ನೋಡಲು ಬಂದ ಮಕ್ಕಳ ಸಾಲಿನಲ್ಲಿ ಕೂತು ಹುಡುಗ ಚರ್ಪು ತಿನ್ನುತ್ತಿದ್ದ, ಕಡಲೆಕಾಳು ಉಸಲಿ. ತಲೆ ಎತ್ತಲಿಲ್ಲ.

ಎರಡು ವರ್ಷದ ಮೇಲೆ ದೊಡ್ಡಪ್ಪನಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಬೇಡದ್ದನ್ನೆಲ್ಲ ದೊಡ್ಡಮ್ಮ ಒಂದು ಚೀಲಕ್ಕೆ ತುಂಬಿ ಕಳಿಸಿದರು, ಸ್ಪ್ರಿಂಗ್ ಹೋಗಿದೆ, ಇವನೇ ಆಡಿಕೊಳ್ಳಲಿ ಎಂದು. ಹೀಗೆ ಬಂತು.

ಆದರೆ ಅವನು ಆಡಲಿಲ್ಲ. ಆಡದ ಗೊಂಬೆಯನ್ನು ಅಮ್ಮ ಆ ವರ್ಷದ ಗೊಂಬೆ ಹಬ್ಬಕ್ಕೆ ತೆಗೆದುಕೊಂಡರು. ಮೈಸೂರು ಸೀಮೆಯ ಈ ಹಬ್ಬದಲ್ಲಿ ಗೊಂಬೆಯನ್ನು ಅಳೆಯುವ ಕ್ರಮವೇ ಬೇರೆ. ಬೆಸ ಸಂಖ್ಯೆಯ ಮೆಟ್ಟಿಲು, ಮೇಲೆ ಪಟ್ಟದ ಗೊಂಬೆಗಳು. ರಕ್ತಚಂದನದ ರಾಜ ರಾಣಿ, ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಟ್ಟದ್ದು. ಅವಕ್ಕೆ ಒಂದೂ ಕೀಲಿಲ್ಲ. ಕೈ ಮೈಗೆ ಅಂಟಿರುತ್ತದೆ, ಮುಖದಲ್ಲಿ ಭಾವವಿಲ್ಲ, ವರ್ಷ ವರ್ಷ ಹೊಸ ಬಟ್ಟೆ ಉಡಿಸಿದಾಗಲೇ ಅವುಗಳ ಬದಲಾವಣೆ. ಪಕ್ಕದ ಚನ್ನಪಟ್ಟಣದ ಗೊಂಬೆ ಇನ್ನೊಂದು ಬಗೆಯದು. ಆಲೆಮರವನ್ನು ಕಡೆದು ಅರಗಿನ ಬಣ್ಣ ಏರಿಸಿದ್ದು, ಮಗು ಬಾಯಿಗೆ ಹಾಕಿದರೂ ಭಯವಿಲ್ಲ, ಆಟವೇ ಅದರ ಕೆಲಸ. ಪಟ್ಟದ ಗೊಂಬೆಗೆ ಮಗು ಕೈ ಹಾಕಿದರೆ, “ಮುಟ್ಟಬೇಡ್ವೋ, ನೋಡೋಕೆ ಇಟ್ಟಿರೋದು” ಎಂಬ ಮಾತು ಮೂರು ಕಡೆಯಿಂದ ಬರುತ್ತದೆ.

ಎಲ್ಲಕ್ಕಿಂತ ಕೆಳಗೆ, ನೆಲದ ಮೇಲೆ, ಮಕ್ಕಳ ರಾಜ್ಯ. ರಾಗಿ ಪೈರು ಬೆಳೆಸಿದ ಪಾರ್ಕು, ಕನ್ನಡಿ ಚೂರಿನ ಕೆರೆ, ಮಣ್ಣಿನ ಚಾಮುಂಡಿ ಬೆಟ್ಟ. ಬೆಟ್ಟದ ಮೇಲೆ ಮಣ್ಣಿನ ಮಹಿಷಾಸುರ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ಅಮ್ಮ ಹೀ-ಮ್ಯಾನನ್ನು ಅವನ ಎದುರು ನಿಲ್ಲಿಸಿದರು. ಬಂದ ನೆಂಟರೊಬ್ಬರು ಇದ್ಯಾವ ವೇಷ ದೇವರ ಮುಂದೆ ಎಂದಾಗ, “ಇರಲಿ ಬಿಡಿ, ಕಾವಲಿಗೆ” ಎಂದರು. ಎತ್ತರ ಇಬ್ಬರದೂ ಹೆಚ್ಚುಕಡಿಮೆ ಒಂದೇ, ಕತ್ತಿ ಇಬ್ಬರಿಗೂ ಇದೆ. ರಾಗಿ ಪೈರಿನ ನಡುವೆ ನಿಂತ ಆ ಹೊಂಗೂದಲಿನವನು ಯಾವ ದೇಶದವನೆಂದು ಓಣಿಯ ಮಕ್ಕಳು ಕೇಳಲಿಲ್ಲ. “ಗೊಂಬೆ ಕೂರ್ಸಿದೀರಾ?” ಎಂದು ಬಂದವರೆಲ್ಲ ಮೊದಲು ಅವನ ಮುಂದೆ ಕುಕ್ಕರಗಾಲಲ್ಲಿ ಕೂತರು. ಸ್ಪ್ರಿಂಗ್ ಹೋಗಿರುವುದು ನಿಂತ ಗೊಂಬೆಯಲ್ಲಿ ಕಾಣುವುದಿಲ್ಲ. ಪ್ರದರ್ಶನದ ಗೊಂಬೆಯಾಗಿ ಅದು ಆ ದಿನ ಪೂರ್ತಿ ಅಂಕ ಪಡೆಯಿತು, ಮತ್ತು ಪ್ರತಿ ವರ್ಷ ಆ ಹತ್ತು ದಿನ ಹುಡುಗ ಅದರ ಸೊಂಟದ ಕಡೆ ನೋಡದೆ ಓಡಾಡಿದ.

ಇಂದು ಗೊಂಬೆ ಸಂಗ್ರಹಿಸುವವರಲ್ಲಿ ಡಬ್ಬಿ ಬಿಚ್ಚದಿದ್ದರೆ ಮಾತ್ರ ಬೆಲೆ ಎನ್ನುವವರು ಬಹಳ. ಅಮೆರಿಕದಲ್ಲಿ ಆಕ್ಷನ್ ಫಿಗರ್ ಅಥಾರಿಟಿ ಎಂಬ ಸಂಸ್ಥೆ ಗೊಂಬೆಯನ್ನು ಪರೀಕ್ಷಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪಾರದರ್ಶಕ ಅಕ್ರಿಲಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತದೆ. ರಟ್ಟಿನ ಮೂಲೆ ಮಡಿದಿದೆಯೇ, ಮೇಲಿನ ಪ್ಲಾಸ್ಟಿಕ್ ಗುಳ್ಳೆ ಹಳದಿಯಾಗಿದೆಯೇ ಎಂಬುದಕ್ಕೆಲ್ಲ ಅಂಕವುಂಟು. ಆ ಡಬ್ಬಿಯೊಳಗಿನ ಹೀ-ಮ್ಯಾನ್ ಸೊಂಟವನ್ನು ಯಾರೂ ತಿರುಗಿಸಿಲ್ಲ, ಇನ್ನು ತಿರುಗಿಸುವುದೂ ಇಲ್ಲ. ವಸ್ತುವನ್ನು ಕಾಪಾಡುವ ಕೆಲಸಕ್ಕೆ ಬೆಲೆಯಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರೊಳಗೆ ಇರುವುದು ಆಟದ ಸಾಮಾನು ಎನ್ನಲು ಮನಸ್ಸು ಒಪ್ಪುವುದಿಲ್ಲ. ಹನ್ನೊಂದು ತಿಂಗಳಿಗೂ ಮೇಲೆ ಟ್ರಂಕಿನಲ್ಲಿ ಮಲಗಿ, ಹತ್ತು ದಿನ ಎದ್ದು, ವಿಜಯದಶಮಿಯ ರಾತ್ರಿ ಮತ್ತೆ ಮಲಗುವ ಗೊಂಬೆಗೆ ಅದಕ್ಕಿಂತ ಹೆಚ್ಚಿನ ಬಾಳಿದೆ.

ಹೊಸ ಹೀ-ಮ್ಯಾನ್‌ಗಳೂ ಬಂದಿವೆ. 2008ರಲ್ಲಿ ಶುರುವಾದ ‘ಕ್ಲಾಸಿಕ್ಸ್’ ಸರಣಿಯ ಏಳಿಂಚಿನ ಗೊಂಬೆಗಳನ್ನು ಫೋರ್ ಹಾರ್ಸ್‌ಮೆನ್ ಎಂಬ ಶಿಲ್ಪಿಗಳ ತಂಡ ರೂಪಿಸಿತು. ಕಪಾಟಿನಲ್ಲಿ ಇಡುವ ದೊಡ್ಡವರಿಗೆಂದೇ ಮಾಡಿದವು. 2020ರಲ್ಲಿ ಅಂಗಡಿಗೆ ಬಂದ ‘ಒರಿಜಿನ್ಸ್’ ಮತ್ತೆ ಐದೂವರೆ ಇಂಚಿಗೆ ಇಳಿಯಿತು. ಹಳೆಯ ರೂಪ, ಒಳಗೆ ಹದಿನಾರು ಕೀಲು. ಮೊಣಕೈ ಮೊಣಕಾಲು ಮಡಿಯುತ್ತವೆ, ಪಾದ ಹೊರಳುತ್ತದೆ, ತಲೆ ಕೈ ಕಾಲನ್ನು ಎಳೆದು ತೆಗೆದು ಇನ್ನೊಂದು ಗೊಂಬೆಗೆ ಸಿಕ್ಕಿಸಬಹುದು. ಸಾಯುವ ರಬ್ಬರ್ ಇಲ್ಲ. ಆಟಕ್ಕೂ ನೋಟಕ್ಕೂ ಇಷ್ಟು ಚೆನ್ನಾಗಿ ಒಗ್ಗುವ ಗೊಂಬೆ ಈ ಹೆಸರಿನಲ್ಲಿ ಹಿಂದೆ ಬಂದಿರಲಿಲ್ಲ. ನಡುವಯಸ್ಸಿಗೆ ಬಂದ ಹುಡುಗ ಅದೊಂದನ್ನು ತರಿಸಿಕೊಂಡ. ಡಬ್ಬಿ ಬಿಚ್ಚಿ, ಕಾಲು ಹಿಡಿದು, ಸೊಂಟ ತಿರುಗಿಸಿ ಬಿಟ್ಟ. ತಿರುಗಿದಲ್ಲೇ ನಿಂತಿತು. ಒರಿಜಿನ್ಸ್‌ನಲ್ಲಿ ಸ್ಪ್ರಿಂಗ್ ಇಟ್ಟಿಲ್ಲ, ಬೇಕಾದ ಭಂಗಿಯಲ್ಲಿ ನಿಲ್ಲಬೇಕಾದರೆ ಸೊಂಟ ಸುಮ್ಮನಿರಬೇಕು. ಅದು ಒಳ್ಳೆಯ ವಿನ್ಯಾಸ, ಆದರೂ ಅವನು ಗೊಂಬೆಯನ್ನು ತಕ್ಷಣ ಕೆಳಗಿಟ್ಟ.

ಹಳೆಯದನ್ನು ಈ ಸಲ ರಿಪೇರಿ ಮಾಡಲಾಯಿತು. ತೊಡೆಗಳನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಬಿಟ್ಟರೆ ಪಿವಿಸಿ ಮೆತ್ತಗಾಗುತ್ತದೆ. ಕುದಿಯುವ ನೀರು ಬೇಡ, ಬಣ್ಣ ಹೋಗುತ್ತದೆ. ಒಳಗಿನ ಪುಡಿಯನ್ನು ಕಡ್ಡಿಯಿಂದ ಕೆರೆದು ತೆಗೆದು, ನಲ್ಲಿಗೆ ಹಾಕುವ ಸಣ್ಣ ರಬ್ಬರ್ ಉಂಗುರವೊಂದನ್ನು ಒಂದು ಕೊಕ್ಕೆಗೆ ಸಿಕ್ಕಿಸಿ, ದಾರ ಕಟ್ಟಿ ಸೊಂಟದ ತೂತಿನಿಂದ ಎಳೆದು ಇನ್ನೊಂದು ಕೊಕ್ಕೆಗೆ ಹಾಕಬೇಕು. ಮೂರು ಸಲ ಜಾರಿ ನಾಲ್ಕನೆಯ ಸಲ ಕೂತಿತು. ಬಾಗಿದ್ದ ಅರ್ಧ ಕತ್ತಿಯನ್ನೂ ಅದೇ ನೀರಿನಲ್ಲಿ ಮೆತ್ತಗೆ ಮಾಡಿ, ನೆಟ್ಟಗೆ ಹಿಡಿದು, ತಣ್ಣೀರಿನಲ್ಲಿ ಅದ್ದಿದಾಗ ನೆಟ್ಟಗಾಯಿತು. ಸ್ಪ್ರಿಂಗ್ ಮಾತ್ರ ಹಾಗೇ ಉಳಿಯಿತು. ಅದನ್ನು ತಲುಪಲು ಎದೆಯನ್ನು ಅಂಟಿದ ಗೆರೆಯುದ್ದಕ್ಕೂ ಸೀಳಬೇಕು.

ಅಣ್ಣ ಈ ದಸರೆಗೆ ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಅರಿಶಿನ ಕುಂಕುಮ, ಉಸಲಿ, ಕಾಫಿ ಎಲ್ಲ ಆದ ಮೇಲೆ ಗೊಂಬೆಗಳ ಮುಂದೆ ನಿಂತವನು, ಬಗ್ಗಿ ರಾಗಿ ಪೈರಿನ ನಡುವಿನಿಂದ ಹೀ-ಮ್ಯಾನನ್ನು ಎತ್ತಿಕೊಂಡ. ಎಡಗೈ ಕಾಲುಗಳಿಗೆ ಹೋಯಿತು, ಬಲಗೈ ಎದೆಗೆ ಹೋಯಿತು. ತಿರುಗಿಸಿ ಬಿಟ್ಟ. ಎದೆ ಪಕ್ಕಕ್ಕೆ ತಿರುಗಿ ನಿಂತಿತು.

ಹೇಳಬೇಕಾದ್ದನ್ನು ಆಗ ಹೇಳಿದ್ದಾಯಿತು. ಗೂಡು, ಮಧ್ಯಾಹ್ನ, ಗೋಲಿ ಆಟ, ಬೆರಳಿಗೆ ತಾಗಿದ ತಡೆ. ಅಣ್ಣ ಗೊಂಬೆಯನ್ನೇ ನೋಡುತ್ತ ಕೇಳಿಸಿಕೊಂಡ.

“ಏಟು ನಂಗೆ ಬಿತ್ತು ಕಣೋ ಅವತ್ತು” ಎಂದ.

ಒಳಗೆ ಮಕ್ಕಳು ಏನಕ್ಕೋ ಜಗಳವಾಡುತ್ತಿದ್ದರು. ಅಣ್ಣ ಎದೆಯನ್ನು ನಿಧಾನವಾಗಿ ತಿರುಗಿಸಿ, ನಡುಪಟ್ಟಿಯ ಮೇಲೆ ಸರಿಯಾಗಿ ಕೂರುವ ಹಾಗೆ ನಿಲ್ಲಿಸಿದ. ಖಾಲಿ ಬಲಗೈಯನ್ನು ಹೆಬ್ಬೆರಳಿನಿಂದ ಸವರಿ, “ಕೊಡಲಿ ಎಲ್ಲಿ?” ಎಂದ. ಟ್ರಂಕಿನಲ್ಲಿ ಇರಲಿಲ್ಲ ಎಂದಾಗ, ತನ್ನ ಹಳೇ ಜಾಮೆಟ್ರಿ ಬಾಕ್ಸಿನಲ್ಲಿ ಇರಬೇಕು, ಊರಿಗೆ ಹೋಗಿ ಹುಡುಕುತ್ತೇನೆ ಎಂದ. ಗೊಂಬೆಯನ್ನು ಮಹಿಷಾಸುರನ ಎದುರು ಎಡಗಾಲು ಮುಂದಾಗಿ ನಿಲ್ಲಿಸಿ ಕೈ ಒರೆಸಿಕೊಂಡ.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯೊಂದನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಇಳಿಸಲಾಯಿತು. ಹೀ-ಮ್ಯಾನ್ ಎದೆಪಟ್ಟಿ, ಗುರಾಣಿ, ಅರ್ಧ ಕತ್ತಿಯನ್ನು ಬೇರೆ ಬಿಚ್ಚಿ ಹತ್ತಿ ಬಟ್ಟೆಯ ಗಂಟಿನಲ್ಲಿ ಕಟ್ಟಿದ್ದಾಯಿತು. ಕೊಡಲಿ ಬಂದರೆ ಇಡಲೆಂದು ಗಂಟನ್ನು ಬಿಗಿಯಾಗಿ ಹಾಕಲಿಲ್ಲ.